ಮೈಕ್ ಹಿಡಿಯೋಕೆ ಮುಂಚೆ ಒಂದು ಅರ್ಜಿ

ಪ್ರಶ್ನೆ: ನನಗೆ 26 ವರ್ಷ. ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಈಗ ಮಂಡ್ಯದ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಹೆಣ್ಣುಮಕ್ಕಳ ಹಕ್ಕಿಗಾಗಿ, ಪ್ರಗತಿಪರ ರಾಜಕಾರಣಕ್ಕಾಗಿ ತಳಮಟ್ಟದಲ್ಲಿ ಕೆಲಸ ಮಾಡಬೇಕು ಅಂತ ಆಸೆ. ಫೇಸ್‌ಬುಕ್‌ನಲ್ಲಿ ಬರೆಯುತ್ತೇನೆ. ಮೈಸೂರಿನಲ್ಲಿ ಎರಡು ಮೂರು ಪ್ರತಿಭಟನೆಗೂ ಹೋಗಿದ್ದೇನೆ. ನಮ್ಮೂರಲ್ಲಿ ಮಾತ್ರ ಏನೂ ಮಾಡಿಲ್ಲ. ಯಾವ ಸಂಘಟನೆ ಸೇರಲಿ? ಪಕ್ಷಕ್ಕೆ ಸೇರಬೇಕಾ? ಕೆಲಸ ಬಿಡಬೇಕಾ? ಅಪ್ಪ "ಇವೆಲ್ಲ ನಮ್ಮಂಥೋರಿಗಲ್ಲ" ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೆಲಸ ಬಿಡಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ತಿಂಗಳಿಗೊಮ್ಮೆ ಸಂಬಳ ಎಣಿಸುವ ಹೆಣ್ಣುಮಗಳ ಮಾತಿಗೆ ಮನೆಯಲ್ಲೂ ಊರಲ್ಲೂ ಒಂದು ತೂಕ ಇರುತ್ತದೆ. ಅದೂ ಅಲ್ಲದೆ ಟೀಚರಮ್ಮ ಅಂದರೆ ನಮ್ಮ ಕಡೆ ಯಾರ ಮನೆ ಜಗಲಿ ಮೇಲಾದರೂ ಹೋಗಿ ಕೂರಬಹುದು. ಸಂಘಟನೆಯವರು ಅಂತ ಹೋದರೆ ಅದೇ ಜಗಲಿ ಸಿಗೋಕೆ ಎರಡು ವರ್ಷ ಹಿಡಿಯುತ್ತದೆ.

ಎಲ್ಲಿಂದ ಶುರು ಮಾಡಲಿ ಅಂದಿರಿ. ಅದಕ್ಕೆ ನಾನೇ ಕೈಯಾರೆ ಕೆಡಿಸಿದ ಒಂದು ಕೇಸಿನ ಕತೆ ಹೇಳಬೇಕು.

ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ಆಗಷ್ಟೇ ಜಾರಿಗೆ ಬಂದಿತ್ತು. ಮಂಡ್ಯದ ಹತ್ತಿರದ ಹಳ್ಳಿಯ ಒಬ್ಬ ಹೆಣ್ಣುಮಗಳು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಗಂಡ ಕುಡಿದು ಬಂದು ಹೊಡೆದು, ರಾತ್ರೋರಾತ್ರಿ ಆಚೆಗೆ ತಳ್ಳಿದ್ದ. ನಾನು ಆಗ ನಿಮ್ಮ ಹಾಗೇ ಓದಿ ಓದಿ ಬಿಸಿಯಾಗಿದ್ದೆ. ಸೀದಾ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತು ನಾನೇ ಎರಡು ಪುಟ ದೂರು ಬರೆದೆ. 'ಪುರುಷಪ್ರಧಾನ ವ್ಯವಸ್ಥೆ' ಅನ್ನೋ ಮಾತೂ ಅದರಲ್ಲಿತ್ತು. ಅವಳು ಸಹಿ ಹಾಕಿದಳು. ಅಲ್ಲಿದ್ದವರು ಎರಡೂ ಪುಟ ಓದಿ, "ಹೊಡೆದಿದ್ದು ಯಾವತ್ತಮ್ಮ? ಎಷ್ಟೊತ್ತಿಗೆ? ಯಾವುದರಲ್ಲಿ?" ಅಂದರು. ನನ್ನ ಎರಡು ಪುಟದಲ್ಲಿ ಒಂದು ತಾರೀಖೂ ಇರಲಿಲ್ಲ. ಅವಳು ಮೆಲ್ಲಗೆ ನನ್ನ ಸೆರಗು ಎಳೆದು, "ಅಕ್ಕ, ಜೈಲು ಗೀಲು ಬ್ಯಾಡ ಕನಕ್ಕ. ನನ್ ಮಿಷನ್ನು, ಮಗೀನ ಮಾರ್ಕ್ಸ್ ಕಾರ್ಡು ಒಳಗೇ ಅವೆ. ಅವೆರಡ ಈಸ್ಕೊಡಿ ಸಾಕು" ಅಂದಳು.

ಊರಿಂದ ಸ್ಟೇಷನ್ನಿನವರೆಗೂ ನಾನೇ ಮಾತಾಡಿದ್ದೆ. ನಿನಗೇನು ಬೇಕವ್ವ ಅಂತ ಒಂದು ಸಲ ಕೇಳಿರಲಿಲ್ಲ. ಅವತ್ತು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಕಳಿಸಿದರು. ದೂರು ಕೊಟ್ಟಿದ್ದಕ್ಕೆ ಒಂದು ಚೀಟಿ ಇಸ್ಕೋಬೇಕು ಅನ್ನೋದೂ ನನಗೆ ಹೊಳೆಯಲಿಲ್ಲ. ಮೂರು ತಿಂಗಳಿಗೆ ಮತ್ತೆ ಏಟು ಬಿತ್ತು. ಹಿಂದೆಯೇ ದೂರು ಕೊಟ್ಟಿದ್ದೆವು ಅನ್ನೋಕೆ ಕೈಯಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಅವನು ಮಿಷನ್ನನ್ನೂ ಮಾರಿದ್ದ.

ಹಾಗಾಗಿ ನನ್ನ ಸಲಹೆ ತುಂಬಾ ಚಿಕ್ಕದು. ಮೊದಲ ಒಂದು ವರ್ಷ ಜೊತೆಗೆ ಹೋಗುವವರಾಗಿ. ಸ್ಟೇಷನ್ನಿಗೆ, ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ, ಕೋರ್ಟಿಗೆ. ಒಬ್ಬಳೇ ಹೋದರೆ "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬಾ" ಅನ್ನುವ ಕಡೆ ಇಬ್ಬರು ಹೋದರೆ ಕೂರಿ ಅಂತಾರೆ. ಮಾತು ಅವಳದ್ದೇ ಆಗಿರಲಿ. ನೀವು ಪಕ್ಕದಲ್ಲಿ ಪೆನ್ನು ಹಿಡಿದುಕೊಂಡಿರಿ.

ಅರ್ಜಿ ಬರೆಯೋದು ಕಲಿಯಿರಿ. ನೀವು ಎಂ.ಎ. ಮಾಡಿದವರು, ಅದೇ ಸ್ವಲ್ಪ ತೊಂದರೆ. ಯಾರು, ಯಾವತ್ತು, ಎಲ್ಲಿ, ಏನಾಯಿತು, ಯಾರು ನೋಡಿದರು, ಈಗ ಏನು ಬೇಕು. ಇಷ್ಟೇ, ಒಂದೇ ಪುಟ. ಅವಳು ಹೇಳಿದ ಮಾತಲ್ಲೇ ಬರೆಯಿರಿ. ಬರೆದದ್ದನ್ನು ಅವಳಿಗೆ ಓದಿ ಹೇಳಿ, "ಹೌದಾ?" ಅಂತ ಕೇಳಿ, ಆಮೇಲೆ ಸಹಿ. ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ವಾಪಸ್. ಸ್ಟೇಷನ್ನಿನಲ್ಲಿ ಎಫ್‌ಐಆರ್ ಆದರೆ ಅದರ ಪ್ರತಿ ಪುಕ್ಕಟೆ ಕೊಡಬೇಕು. ಎನ್‌ಸಿಆರ್, ಅಂದರೆ ಎಫ್‌ಐಆರ್ ಆಗದ ಸಣ್ಣ ಪ್ರಕರಣದ ದಾಖಲೆ, ಮಾಡಿದರೆ ಅದರ ನಂಬರ್ ಕೇಳಿ. ಕೇಸು ಆಗಲ್ಲ ಅಂದರೆ ಅದನ್ನೇ ಹಿಂಬರಹ ಅಂತ ಬರೆದು ಕೊಡಿ ಅನ್ನಿ. ಹಿಂಬರಹ ಕೇಳಿದ ತಕ್ಷಣ ಎಷ್ಟೋ ಸಲ ಕೇಸೇ ಆಗಿಬಿಡುತ್ತದೆ, ನೋಡಿದ್ದೇನೆ. ಯಾವುದೂ ಆಗದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು, ಕಾನೂನೇ ಆ ದಾರಿ ಇಟ್ಟಿದೆ. "ಇದು ನಮ್ಮ ಲಿಮಿಟ್ಟಲ್ಲ, ಆ ಸ್ಟೇಷನ್ನಿಗೆ ಹೋಗಿ" ಅಂದರೆ ಝೀರೋ ಎಫ್‌ಐಆರ್ ಅನ್ನಿ, ಅಂದರೆ ಘಟನೆ ಎಲ್ಲೇ ನಡೆದಿರಲಿ, ಯಾವ ಸ್ಟೇಷನ್ನಿನಲ್ಲಾದರೂ ದಾಖಲಿಸುವ ಎಫ್‌ಐಆರ್. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಇದ್ದ ಹಳೇ ಐಪಿಸಿಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಆಗಿದೆ. ಊರಲ್ಲಿ ಇನ್ನೂ "ಫೋರ್ ನೈಂಟಿ ಏಯ್ಟ್" ಅಂತಲೇ ಅಂತಾರೆ, ಇರಲಿ ಬಿಡಿ.

ಆದರೆ ಹತ್ತು ಜನ ಹೆಂಗಸರು ಬಂದರೆ ಎಂಟು ಜನ ಆ ಹೊಲಿಗೆಯವಳ ಮಾತನ್ನೇ ಹೇಳುತ್ತಾರೆ. ಜೈಲು ಬೇಡ, ಹೊಡೆಯೋದು ನಿಲ್ಲಲಿ, ಮನೆಯಿಂದ ಆಚೆ ಹಾಕದೆ ಇರಲಿ, ಮಕ್ಕಳ ಖರ್ಚಿಗೆ ಕೊಡಲಿ. 2005ರ ಕೌಟುಂಬಿಕ ದೌರ್ಜನ್ಯ ಕಾನೂನು ಇಂಥವರಿಗೇ ಮಾಡಿದ್ದು. ಮನೆ ಗಂಡನ ಹೆಸರಲ್ಲಿರಲಿ, ಮಾವನ ಹೆಸರಲ್ಲಿರಲಿ, ಕೋರ್ಟಿನ ಆದೇಶ ಇಲ್ಲದೆ ಅವಳನ್ನು ಆಚೆ ಹಾಕುವ ಹಾಗಿಲ್ಲ. ಹೊಡೆಯಬಾರದು, ಹತ್ತಿರ ಬರಬಾರದು ಅಂತ ರಕ್ಷಣಾ ಆದೇಶ ಸಿಗುತ್ತದೆ. ಜೀವನಾಂಶ, ಮಕ್ಕಳ ವಶ, ಅವಳ ಸಾಮಾನು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಹೌದು, ಹೊಲಿಗೆ ಮಿಷನ್ನೂ ಸೇರಿ. ಗಂಡ ರಕ್ಷಣಾ ಆದೇಶ ಮುರಿದರೆ ಆಗ ಅದು ಅಪರಾಧ. ನಮ್ಮ ರಾಜ್ಯದಲ್ಲಿ ಇದಕ್ಕೆ ಸಂರಕ್ಷಣಾಧಿಕಾರಿ ಅಂದರೆ ಬಹುತೇಕ ಕಡೆ ತಾಲ್ಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರ ಕಚೇರಿಯಲ್ಲಿ ಡಿಐಆರ್ ಅಂತ ವರದಿ ಬರೆಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನು ಹೇಳುತ್ತದೆ. 60 ದಿನದಲ್ಲಿ ಮುಗಿಯುತ್ತದೆ ಅಂತ ಮಾತ್ರ ಅವಳಿಗೆ ಹೇಳಬೇಡಿ.

ವಕೀಲರ ಫೀಸಿಗೆ ಹೆದರಿ ಎಷ್ಟೋ ಜನ ವಾಪಸ್ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಇನ್ನೆರಡು ನಂಬರ್, ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಹಾಯದ 112, ಇವನ್ನಂತೂ ನಿದ್ದೆಗಣ್ಣಲ್ಲೂ ಹೇಳುವಂತಿರಬೇಕು. ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವು, ತಾತ್ಕಾಲಿಕ ಆಶ್ರಯ ಕೊಡುವ ಜಿಲ್ಲೆಯ ಸಖಿ ಕೇಂದ್ರಕ್ಕೆ ಯಾರದ್ದೂ ಕೇಸಿಲ್ಲದ ದಿನ ಒಮ್ಮೆ ಸುಮ್ನೆ ಹೋಗಿ ಬನ್ನಿ. ರಾತ್ರಿ ಹನ್ನೊಂದು ಗಂಟೆಗೆ ಒಬ್ಬಳನ್ನು ಕರೆದುಕೊಂಡು ಹೋಗುವಾಗ ಗೇಟು ಎಲ್ಲಿದೆ ಅಂತ ಹುಡುಕುವ ಹಾಗಾಗಬಾರದು.

ಇದೆಲ್ಲ ಸಮಾಜಸೇವೆ ಆಯಿತಲ್ಲ, ರಾಜಕಾರಣ ಎಲ್ಲಿ ಅಂತ ನಿಮಗನಿಸಬಹುದು. ಒಂದೇ ತರದ ನಾಲ್ಕು ಅರ್ಜಿ ಬರೆದ ಮೇಲೆ ರಾಜಕಾರಣ ತಾನಾಗಿ ಎದ್ದು ಕಾಣುತ್ತದೆ. ಮಂಡ್ಯದಲ್ಲಿ ಅದು ಯಾವಾಗಲೂ ಜಮೀನಿನ ಹತ್ತಿರ ಬಂದು ನಿಲ್ಲುತ್ತದೆ.

2023ರ ಕೊನೆಯಲ್ಲಿ ಮಂಡ್ಯದ ಹತ್ತಿರ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದದ್ದು ಬಯಲಾಯಿತಲ್ಲ, ನೆನಪಿರಬೇಕು. ಬೆಲ್ಲ ಕಾಯಿಸುವ ಜಾಗ. ರಾಜ್ಯವೆಲ್ಲ ಬೆಚ್ಚಿಬಿತ್ತು. ನಮ್ಮ ಕಡೆಯ ಹೆಂಗಸರು ಅಷ್ಟೇನೂ ಬೆಚ್ಚಲಿಲ್ಲ. ಲಿಂಗ ಪತ್ತೆ ತಡೆಯೋಕೆ 1994ರಿಂದಲೇ ಕಾನೂನಿದೆ, ಮೊದಲ ಸಲಕ್ಕೇ 3 ವರ್ಷದ ತನಕ ಜೈಲು. ಬಸುರಿಯನ್ನು ಮನೆಯವರೇ ಬಲವಂತ ಮಾಡಿರುತ್ತಾರೆ ಅಂತಲೇ ಆ ಕಾನೂನು ಮೊದಲು ನಂಬುತ್ತದೆ. ಹಾಗಿದ್ದೂ ಯಾಕೆ ನಿಂತಿಲ್ಲ? ಎರಡನೆಯದೂ ಹೆಣ್ಣಾದರೆ ಗದ್ದೆ ಯಾರಿಗೆ ಅನ್ನೋ ಪ್ರಶ್ನೆಗೆ ಊರಲ್ಲಿ ಇನ್ನೂ ಒಂದೇ ಉತ್ತರ ಇದೆ, ಅದಕ್ಕೆ.

ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಭ್ರೂಣಹತ್ಯೆ ನಿಲ್ಲಿಸಿ ಅಂತ ಹೊರಟವರು ಗರ್ಭಪಾತವೇ ಪಾಪ ಅಂತ ಮಾತಾಡಿ ಬರುತ್ತಾರೆ. ಎರಡೂ ಬೇರೆ ಬೇರೆ. 1971ರ ಕಾನೂನಿನಡಿ ಗರ್ಭಪಾತಕ್ಕೆ ಅವಕಾಶ ಇದೆ. 2021ರ ತಿದ್ದುಪಡಿಯ ಮೇಲೆ 20 ವಾರದ ತನಕ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 18 ತುಂಬಿದವಳಿಗೆ ಗಂಡನ ಸಹಿಯೂ ಬೇಡ. ನೀವು ಆಡಿದ ಮಾತಿಗೆ ಹೆದರಿ ಒಬ್ಬಳು ಸರ್ಕಾರಿ ಆಸ್ಪತ್ರೆ ಬಿಟ್ಟು ಮಾತ್ರೆ ಮಾರುವವನ ಹತ್ತಿರ ಹೋದರೆ, ಮಾಡಿದ ಕೆಲಸವೆಲ್ಲ ಅಲ್ಲಿಗೇ ಹೋಯಿತು.

ಜಮೀನಿನ ಮಾತಿಗೆ ಬರೋಣ. ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಒಂದು ಬೆಳಿಗ್ಗೆ ಕೂತು ನೋಡಿ. ಅಣ್ಣತಮ್ಮಂದಿರು ಕಾರಲ್ಲಿ ಅಕ್ಕತಂಗಿಯರನ್ನು ಕರೆತರುತ್ತಾರೆ. ಹೊಸ ಸೀರೆ ಇರುತ್ತದೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಮಧ್ಯಾಹ್ನ ಹೋಟೆಲ್ ಊಟ. ಒಳಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಕೊಟ್ಟು ಬರುತ್ತಾರೆ. ಎಕರೆಗಟ್ಟಲೆ ನಾಲೆ ಬಯಲಿನ ಗದ್ದೆ ಒಂದು ಸೀರೆಗೆ ಕೈಬಿಟ್ಟು ಹೋಗುತ್ತದೆ. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯ್ದೆ ಬಂದಿತ್ತು. 1994ರಲ್ಲಿ ಕರ್ನಾಟಕ ಆಗಿನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಅಪ್ಪ 2005ಕ್ಕಿಂತ ಮುಂಚೆಯೇ ತೀರಿಕೊಂಡಿದ್ದರೂ ಮಗಳ ಪಾಲು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಇಷ್ಟು ದೂರ ನಡೆದು ಬಂದಿದೆ. ಸೀರೆ ಮಾತ್ರ ಹಾಗೇ ಇದೆ.

ಪಾಲು ಕೇಳಿ ಅಂತ ಯಾರಿಗೂ ಉಪದೇಶ ಮಾಡಬೇಡಿ. ತವರಿನ ಬಾಗಿಲು ಮುಚ್ಚುವ ಭಯ ಸುಳ್ಳಲ್ಲ. ಗಂಡ ಹೊಡೆದರೆ ಬಂದು ಮಲಗೋಕೆ ಇರುವುದು ಅದೊಂದೇ ಮನೆ. ಸಹಿ ಹಾಕುವ ಮೊದಲು ಪತ್ರದಲ್ಲಿ ಏನಿದೆ ಅಂತ ಓದಿಸಿಕೊಳ್ಳಿ, ಒಂದು ವಾರ ಟೈಮ್ ಕೇಳಿ. ಇಷ್ಟು ಹೇಳಿ. ಮತ್ತೆ ಒಂದು ಮಾತು ಕೇಳಲಾ? ನಿಮ್ಮ ಮನೆಯಲ್ಲಿ ಅತ್ತೆಯಂದಿರು ಸಹಿ ಹಾಕಿಕೊಟ್ಟಿದ್ದಾರಾ? ಊರು ಈ ಪ್ರಶ್ನೆ ನಿಮಗೆ ಕೇಳಿಯೇ ಕೇಳುತ್ತದೆ. ಉತ್ತರ ಇಟ್ಟುಕೊಂಡಿರಿ.

ಈಗ ಜಾಸ್ತಿ ಬರುವ ಇನ್ನೊಂದು ವಿಷಯ ವಾರದ ಸಾಲ. ಮೈಕ್ರೋಫೈನಾನ್ಸ್ ಕಂತು ಕಟ್ಟದವರ ಮನೆ ಮುಂದೆ ಸಂಜೆಯ ಮೇಲೆ ಬಂದು ಕೂರೋದು, ಬಾಯಿಗೆ ಬಂದಂತೆ ಬಯ್ಯೋದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ ಇತ್ತು. ಒಂದು ಎಚ್ಚರ. ಸಾಲವೇ ಮನ್ನಾ ಆಯಿತು ಅಂತ ಯಾರಿಗೂ ಹೇಳಿಬಿಡಬೇಡಿ. ಕಾನೂನುಬದ್ಧ ಕಂಪನಿಯ ಸಾಲ ಸಾಲವೇ. ಕಿರುಕುಳ ಮಾತ್ರ ಅಪರಾಧ.

ಸಂಘಟನೆ ಯಾವುದು ಅಂತ ನಾನು ಹೆಸರು ಹೇಳಲ್ಲ. ಮೂರು ಸಂಘಟನೆಗಳ ಸಭೆಗೆ ಹೋಗಿ, ಹಿಂದಿನ ಸಾಲಲ್ಲಿ ಕೂತು ನೋಡಿ. ಮೈಕ್ ಯಾರ ಕೈಯಲ್ಲಿದೆ, ಟೀ ಲೋಟ ಯಾರು ತೊಳೆಯುತ್ತಾರೆ, ಲೆಕ್ಕದ ಪುಸ್ತಕ ಕೇಳಿದರೆ ತೋರಿಸುತ್ತಾರಾ. ತಮ್ಮವನೇ ತಪ್ಪು ಮಾಡಿದಾಗ ಏನು ಮಾಡಿದರು ಅಂತ ಹಳಬರನ್ನು ವಿಚಾರಿಸಿ, ಇದು ಮುಖ್ಯ. ನಮ್ಮ ಕಡೆ ಹಿರಿಯರೇನೂ ಕಡಿಮೆ ಇಲ್ಲ. ನಂಜನಗೂಡಿನ ತಿರುಮಲಾಂಬ ಚಿಕ್ಕ ವಯಸ್ಸಿಗೇ ವಿಧವೆಯಾದವರು. ನೂರು ವರ್ಷದ ಹಿಂದೆಯೇ ಹೆಂಗಸರಿಗಾಗಿ ಪತ್ರಿಕೆ ನಡೆಸಿದರು. ಮೈಸೂರಿನಲ್ಲಿ 1970ರ ದಶಕದ ಕೊನೆಯಲ್ಲಿ ಹುಟ್ಟಿದ ಮಹಿಳಾ ಸಂಘಟನೆ ಸಮತಾ ವೇದಿಕೆಯ ಹಿಂದೆ ಇದ್ದವರಲ್ಲಿ ಒಬ್ಬರು ವಿಜಯಾ ದಬ್ಬೆ. ನಿಮ್ಮ ಮಾನಸಗಂಗೋತ್ರಿಯಲ್ಲೇ ಕನ್ನಡ ಪಾಠ ಮಾಡುತ್ತಿದ್ದವರು. ಅವರೂ ಕೆಲಸ ಬಿಟ್ಟಿರಲಿಲ್ಲ, ನೋಡಿ. ಇನ್ನು ಯಾವ ಸಂಘಟನೆಯ ಬ್ಯಾನರೂ ಗೊತ್ತಿಲ್ಲದವರೂ ಇದ್ದಾರೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದಾಗ ವಾರಗಟ್ಟಲೆ ಹೋರಾಡಿದವರಲ್ಲಿ ಬಹುಪಾಲು ಹೆಂಗಸರೇ. ಅವರಲ್ಲಿ ಒಬ್ಬರು ನಿಮ್ಮ ಊರಲ್ಲೇ ಇರಬಹುದು. ಹುಡುಕಿ ಮಾತಾಡಿಸಿ, ಒಂದು ಭಾಷಣ ಶಿಬಿರಕ್ಕಿಂತ ಜಾಸ್ತಿ ಕಲಿಯುತ್ತೀರಿ.

ನೀವೇ ಸಂಘ ಕಟ್ಟೋಣ ಅಂತ ಇದ್ದರೆ, ಈಗಲೇ ರಿಜಿಸ್ಟರ್ ಮಾಡಿಸಬೇಡಿ. ಏಳು ಜನ ಇದ್ದರೆ ನೋಂದಣಿ ಆಗುತ್ತದೆ, ಅದು ಸುಲಭ. ಆಮೇಲೆ ಅಧ್ಯಕ್ಷೆ ಯಾರು, ಖಜಾಂಚಿ ಯಾರು ಅನ್ನೋದರಲ್ಲೇ ಆ ಏಳು ಜನ ಮೂರಾಗುತ್ತಾರೆ.

ಸಭೆ ಕರೆಯುವಾಗ ಜಾಗ ನೋಡಿಕೊಳ್ಳಿ. ನಾನು ಒಮ್ಮೆ ಮೇಲಿನ ಬೀದಿಯ ದೇವಸ್ಥಾನದ ಜಗಲಿಯಲ್ಲಿ ಸಭೆ ಇಟ್ಟೆ. ನೆರಳಿತ್ತು, ಅಷ್ಟೇ ನೋಡಿದ್ದು. ದಲಿತರ ಕಾಲೋನಿಯಿಂದ ಒಬ್ಬರೂ ಬರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬ ಅಜ್ಜಿ, "ನೀನು ಕೂರ್ಸಿದ್ದೀಯ ಕನವ್ವ, ನಾಳೆ ನೀನಿರಕಿಲ್ವಲ್ಲ" ಅಂದರು. ಮುಂದಿನ ಸಭೆ ಅಂಗನವಾಡಿಯಲ್ಲಿ ಮಾಡಿದೆವು. ಮೇಲಿನ ಬೀದಿಯವರು ಅರ್ಧ ಜನ ಬರಲಿಲ್ಲ. ನಡೆಸಿದೆವು. ಹೆಂಗಸರೆಲ್ಲ ಒಂದೇ ಅನ್ನೋ ಮಾತು ಭಾಷಣದಲ್ಲಿ ಚೆನ್ನಾಗಿರುತ್ತದೆ. ಹೊಡೆಸಿಕೊಂಡವಳು ಕಾಲೋನಿಯವಳಾಗಿ, ಹೊಡೆದವನು ಜಮೀನಿನ ಯಜಮಾನನಾದಾಗ ಯಾರು ಯಾರ ಜೊತೆ ನಿಲ್ಲುತ್ತಾರೆ ನೋಡಿ.

ಪಕ್ಷದ ವಿಷಯ. ಸೇರಿ, ತಪ್ಪೇನಿಲ್ಲ. ಹೆಂಗಸರ ವಿಷಯಕ್ಕೂ ರಾಜಕಾರಣಕ್ಕೂ ಸಂಬಂಧವಿಲ್ಲ ಅನ್ನುವವರನ್ನು ನಂಬಬೇಡಿ. ಗೃಹಲಕ್ಷ್ಮಿಯ 2000 ರೂಪಾಯಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾಯಿತು. ಅದು ಬರಬೇಕು ಅಂತಲೋ ಬೇಡ ಅಂತಲೋ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದ್ದಲ್ವಾ? ಆದರೆ ಮೊದಲ ವರ್ಷವೇ ಪಕ್ಷದ ಶಾಲು ಹೊದ್ದರೆ ಊರಿನ ಅರ್ಧ ಹೆಂಗಸರು ನಿಮ್ಮ ಹತ್ತಿರ ಕಷ್ಟ ಹೇಳಿಕೊಳ್ಳಲ್ಲ. ಅವರ ಗಂಡಂದಿರು ಇನ್ನೊಂದು ಪಕ್ಷದವರು. ನನಗೆ ಕೇಳಿದರೆ ಗ್ರಾಮ ಪಂಚಾಯಿತಿಯೇ ಒಳ್ಳೆ ಪಾಠಶಾಲೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. 21 ತುಂಬಿರಬೇಕು, ಹೆಸರು ಅಲ್ಲಿನ ಮತದಾರರ ಪಟ್ಟಿಯಲ್ಲಿರಬೇಕು. ಅರ್ಧ ಸ್ಥಾನ ಹೆಂಗಸರಿಗೇ ಮೀಸಲು. ಆ ಅರ್ಧದಲ್ಲಿ ಎಷ್ಟು ಕುರ್ಚಿ ಮೇಲೆ ಗಂಡಂದಿರು ಕೂತಿದ್ದಾರೆ ಅನ್ನೋದು ನಿಮಗೆ ಗೊತ್ತು. ಸದಸ್ಯೆಯರನ್ನು ಅಣಕಿಸುವ ಪೋಸ್ಟ್ ಹಾಕಬೇಡಿ. ಒಂದು ಸಂಜೆ ಅವರ ಮನೆಗೆ ಹೋಗಿ ಸಭೆಯ ನೋಟಿಸನ್ನು ಜೊತೆಯಲ್ಲಿ ಕೂತು ಓದಿ.

ಫೇಸ್‌ಬುಕ್ ಬಿಡಿ ಅನ್ನಲ್ಲ. ಆದರೆ ಸಹಾಯ ಕೇಳಿ ಬಂದವಳ ಫೋಟೊ, ಊರು, ಗಂಡನ ಹೆಸರು ಯಾವುದೂ ಬೇಡ. ಅತ್ಯಾಚಾರದ ಕೇಸಿನಲ್ಲಿ ಅವಳ ಗುರುತು ಬಯಲು ಮಾಡುವುದೇ ಅಪರಾಧ, ಮಕ್ಕಳಾದರೆ ಅವರ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲೂ ಹಾಗೇ. ಮುಖ ಮಸುಕು ಮಾಡಿ ಹಾಕಿದರೂ ನಮ್ಮ ಹಳ್ಳಿಗಳಲ್ಲಿ ಸೀರೆ ನೋಡಿಯೇ ಗುರುತು ಹಿಡಿಯುತ್ತಾರೆ.

ಅಪ್ಪನ ಜೊತೆ ವಾದ ಮಾಡಬೇಡಿ. ಅವರ ಭಯ ಸುಮ್ಮನೆ ಬಂದದ್ದಲ್ಲ, ಊರಿನ ಬಾಯಿ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಎಲ್ಲಿಗೆ, ಯಾರ ಜೊತೆ ಹೋಗುತ್ತಿದ್ದೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಹೇಳಿ ಹೋಗಿ. ಇದು ಅಪ್ಪಣೆ ಕೇಳೋದಲ್ಲ. ಒಬ್ಬರೇ ಯಾರ ಮನೆಗೂ ವಿಚಾರಣೆಗೆ ಹೋಗಬೇಡಿ. ಓಡಿ ಬಂದವಳನ್ನು ನಿಮ್ಮ ಮನೆಯಲ್ಲಿ ಇರಿಸಿಕೊಳ್ಳಬೇಡಿ, ಸಖಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಬೆದರಿಕೆ ಫೋನ್ ಬಂದರೆ ಅಳಿಸದೆ ಇಟ್ಟುಕೊಳ್ಳಿ. ಮತ್ತೆ, ವಾರಕ್ಕೊಂದು ದಿನ ಯಾರ ಕಷ್ಟವನ್ನೂ ಕೇಳಬೇಡಿ. ಇದನ್ನು ನಾನು ತಡವಾಗಿ ಕಲಿತೆ.

ಈ ವಾರ ಮಾಡಬೇಕಾದ್ದು ಒಂದೇ. ಸ್ಕೂಲಿಗೆ ರಜೆ ಇದ್ದು ಪಂಚಾಯಿತಿ ತೆರೆದಿರುವ ದಿನ ನೋಡಿಕೊಳ್ಳಿ. ಗ್ರಾಮಸಭೆಯ ಜೊತೆಗೆ ಮಹಿಳಾ ಗ್ರಾಮಸಭೆ ಅಂತಲೂ ಒಂದು ನಡೆಯಬೇಕು. ಕಚೇರಿಗೆ ಹೋಗಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರ ಹತ್ತಿರ ಕಳೆದ ಮಹಿಳಾ ಗ್ರಾಮಸಭೆಯ ನಡಾವಳಿ ಪುಸ್ತಕ ತೋರಿಸಿ ಅಂತ ಕೇಳಿ. ಯಾವತ್ತು ನಡೆಯಿತು, ಯಾರ್ಯಾರ ಸಹಿ ಇದೆ, ಏನೇನು ಕೇಳಿದ್ದಾರೆ ಅಂತ ಬರೆದುಕೊಳ್ಳಿ. ಆಮೇಲೆ ಸಹಿ ಇರುವ ಒಬ್ಬಿಬ್ಬರ ಮನೆಗೆ ಹೋಗಿ, "ಅವತ್ತಿನ ಸಭೆ ಹೇಗಿತ್ತು ಅಕ್ಕ?" ಅಂತ ಕೇಳಿ. "ಯಾವ ಸಬೆ?" ಅಂದರೆ ನಿಮಗೆ ಒಂದು ವರ್ಷದ ಕೆಲಸ ಸಿಕ್ಕಿತು. ಪುಸ್ತಕ ತೋರಿಸಲ್ಲ ಅಂದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನ ಅವರಿಗೆ ಟೈಮ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎಂ.ಎ. ಮಾಡಿದವರಿಗೆ ಅದೇ ಕಷ್ಟ, ಅಂದೆನಲ್ಲ.